ಒಂಬತ್ತೂವರೆ ಬೆರಳಿನ ಅಕ್ಕೋರು

ನಮ್ಮ ಕಂಪ್ಯೂಟರ್ ಅಕ್ಕೋರ ಬಲಗೈ ತೋರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿತ್ತಂತೆ. ಆ ಬೆರಳನ್ನೇ ಪರದೆಯತ್ತ ಚಾಚಿ “ಅದನ್ನ ಒತ್ತು” ಅನ್ನುವರು. ಯಾವುದನ್ನು ಎಂದು ನಾವೇ ಊಹಿಸಬೇಕು. “ನನಗ ಒಂಬತ್ತೂವರೆ ಸಾಕಾಗ್ಯಾವ. ನಿಮಗ ಹತ್ತಿದ್ದೂ ಎರಡ ಬೆರಳಿಲೆ ಕುಟ್ಟಾಕತ್ತೀರಿ” ಎಂದು ನಗುವರು.

ವಾರಕ್ಕೆ ಮೂರು ದಿನ ಗೋಕಾಕ, ಎರಡು ದಿನ ಮೂಡಲಗಿ, ಶನಿವಾರ ಹುಕ್ಕೇರಿ, ಹೀಗೆ ಊರೂರಿಗೆ ಹೋಗಿ ಕಲಿಸುವರು. ಎಲ್ಲ ಕಡೆಯೂ ನಮ್ಮಂಥವರೇ, ಹತ್ತನೆಯದಕ್ಕೆ ಶಾಲೆ ಬಿಟ್ಟು ಕಳೆ ತೆಗೆಯಲು ಹೋಗುತ್ತಿದ್ದ ಹುಡುಗಿಯರು. ಕಂಪ್ಯೂಟರ್ ಮುಟ್ಟಲು ಹಿಂಜರಿದರೆ, “ಅದೇನ ನಿಮ್ಮ ಅತ್ತಿ ಅಲ್ಲ, ಅಂಜಬ್ಯಾಡ್ರಿ” ಅನ್ನುವರು.

ನಾನು ಮೇಲವಂಕಿಯಿಂದ ಗೋಕಾಕಕ್ಕೆ ಬಸ್ಸಿಗೆ ಬರುತ್ತಿದ್ದೆ. ಆಗಲೇ ಸಂಕೇಶ್ವರದಿಂದ ಒಂದು ಸಂಬಂಧ ಬಂದಿತ್ತು. “ಅಕ್ಕೋರ ಕಡಿಂದ ಒಂದ ದೂರು ಬಂತಂದ್ರ ಕಲಿಯೂದು ಮುಗೀತು. ಸಂಕೇಶ್ವರದವರಿಗೆ ಹೂಂ ಅಂತೇನಿ” ಎಂದು ಅಪ್ಪ ಹೇಳಿಯೇ ಕಳಿಸಿದ್ದ.

ದಸರೆಯ ಖಂಡೇಪೂಜೆಯ ದಿನ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆಯುವ ಪಾಳಿ ನನ್ನದು. ಮನೆಯಲ್ಲಿ ಕುರ್ಪಿ, ಕುಡಗೋಲುಗಳಿಗೆ ಪೂಜೆ ಮಾಡಿ ಬಂದಿದ್ದೆ. ಚಾಲೂ ಮಾಡಿದ ಕಂಪ್ಯೂಟರನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಕೀಬೋರ್ಡಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಅದರ ಮೇಲೆಯೇ ಕಾಯಿ ಒಡೆದೆ. ನೀರೆಲ್ಲ ಗುಂಡಿಗಳ ಸಂದಿಗೆ ಇಳಿಯಿತು. ಪರದೆಯ ಮೇಲೆ ಒಂದೇ ಅಕ್ಷರ ಸಾಲುಗಟ್ಟಿ ಓಡತೊಡಗಿತು.

ಅಕ್ಕೋರು ಬಂದು ನೋಡಿದರು. ವಾಯರ್ ಕಿತ್ತರು. ನಮ್ಮಪ್ಪನಿಗೆ ಫೋನ್ ಹಚ್ಚಿದರು.

“ಕಾಕಾ, ಮಗಳು ಇವತ್ತ ತಡಾ ಮಾಡಿ ಬರ್ತಾಳ್ರಿ. ಕಂಪ್ಯೂಟರಿಗೆ ಜಳಕಾ ಮಾಡಸಾಕತ್ತೇವಿ.”

“ಹಬ್ಬ ಅಲ್ಲೇನ್ರಿ ಅಕ್ಕೋರ, ಮಾಡಸ್ರಿ” ಎಂದ ಅಪ್ಪ. ಅದೂ ಒಂದು ಪದ್ಧತಿ ಎಂದುಕೊಂಡಿರಬೇಕು.

ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಪೂಜಿ ಮಾಡಿದ್ದು ತಪ್ಪಲ್ಲ. ಕಾಯಿ ಬಾಜೂಕ ಒಡೀಬೇಕಿತ್ತು.”

ಗುಂಡಿಗಳನ್ನೆಲ್ಲ ಕಿತ್ತು, ತೊಳೆದು, ಸಂಡಿಗೆ ಹಾಕಿದಂತೆ ಬಿಸಿಲಿಗೆ ಹರವಿದೆವು. ಒಣಗಿದ ಮೇಲೆ ಅಕ್ಕೋರು ಉಳಿದ ಕೀಬೋರ್ಡುಗಳ ಮೇಲೆ ಟವೆಲ್ ಹೊದಿಸಿ, “ಈಗ ಯಾವುದನ್ನೂ ನೋಡಲಾರದ ಜೋಡಸು” ಎಂದರು. ನಾಲ್ಕು ಸಲ ತಪ್ಪಿದೆ. ನಾಲ್ಕು ಸಲವೂ ಕಿತ್ತು ಮತ್ತೆ ನನ್ನ ಕೈಗೇ ಕೊಟ್ಟರು. ಐದನೆಯ ಸಲ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು. “ಇನ್ನ ಟೈಪ್ ಮಾಡೂಮುಂದ ಕೆಳಗ ನೋಡೂ ಕೆಲಸ ಇಲ್ಲ ನಿಂದು” ಎಂದರು.

ದೂರು ಮನೆಗೆ ಹೋಗಲೇ ಇಲ್ಲ. ಕಲಿಕೆ ಮುಗಿದ ಮೇಲೆ ಮೂಡಲಗಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಪಗಾರದಲ್ಲಿ ಅಪ್ಪನಿಗೆ ಧೋತರ ತಂದೆ. ಸಂಕೇಶ್ವರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಈ ವರ್ಷ ಅಕ್ಕೋರು ತೀರಿಕೊಂಡರು. ಕಾಯಿಲೆಯ ವಿಷಯ ನಮಗೆ ಯಾರಿಗೂ ಹೇಳಿರಲಿಲ್ಲ. ಮಣ್ಣಿಗೆ ಹೋಗಿದ್ದೆ, ಅಲ್ಲಿ ಅಳು ಬರಲಿಲ್ಲ. ವಾರದ ನಂತರ ಅವರ ತಮ್ಮ ಆಸ್ಪತ್ರೆಯ ಕಾಗದ ಹಿಡಿದು ನಮ್ಮ ಕೇಂದ್ರಕ್ಕೆ ಬಂದರು. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಿತ್ತು.

“ಗೋಕಾಕದಾಗೂ ಆಗತಿತ್ರಿ. ಆದ್ರ ಅಕ್ಕನ ಹೇಳಿದ್ಲು, ನನ್ನ ಕಾಗದಪತ್ರ ಏನಿದ್ರೂ ಕಾಯಿ ಒಡದಾಕಿ ಕಡೆನ ಮಾಡಸು ಅಂತ.”

ಅಕ್ಕೋರ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಅಂದಿರಲಿಲ್ಲ. ಅವತ್ತು ಮೊದಲ ಸಲ ಪೂರ್ತಿಯಾಗಿ ಟೈಪ್ ಮಾಡಿದೆ. ಕಣ್ಣು ತುಂಬಿ ಕೀಬೋರ್ಡು ಕಾಣುತ್ತಿರಲಿಲ್ಲ. ಒಂದಕ್ಷರವೂ ತಪ್ಪಲಿಲ್ಲ.