ರೆಪ್ಪೆಗೆ ಒತ್ತಿ ನೋಡಿದ ದುಪ್ಪಟಿ

ಹಲಗೂರಿಗೆ ಎರಡು ಮೈಲಿ ಈಚೆಗಿರುವ ಒಂದು ಹಳ್ಳಿಯಲ್ಲಿ ಮರಿಯಯ್ಯ ಅಂತ ಒಬ್ಬ ಒಕ್ಕಲಿಗನಿದ್ದ. ಕೆರೆಯ ಕೆಳಗೆ ಗದ್ದೆ, ದಿಣ್ಣೆಯ ಮೇಲೆ ಹೊಲ, ಎರಡು ಜೊತೆ ಎತ್ತು, ಸ್ವಂತದ್ದೊಂದು ಆಲೆಮನೆ. ಆಳು ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಮೂವತ್ತೆಂಟು ವರ್ಷ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿದವನು. ತಲೆ ಊರಿದರೆ ಕೋಳಿ ಕೂಗುವವರೆಗೆ ಅವನಿಗೆ ಲೋಕವೇ ಇಲ್ಲ. ಯಾರಾದರೂ ನಿದ್ದೆ ಬರಲಿಲ್ಲ ಅಂದರೆ, "ಗೇಯ್ಮೆ ಸಾಲ್ದು ನಿಂಗೆ" ಅಂದುಬಿಡುತ್ತಿದ್ದ.

ಮೂವತ್ತಾರನೆಯ ಇಸವಿ, ಸಂಕ್ರಾಂತಿ ಕಳೆದ ವಾರ. ಆಲೆಮನೆಯಲ್ಲಿ ಅಂದಿನ ಮೂರನೆಯ ಕೊಪ್ಪರಿಗೆ ಹದಕ್ಕೆ ಬಂದಿತ್ತು. ನಾಲ್ಕು ಜನ ಅದರ ಕಿವಿಗಳಿಗೆ ಬೊಂಬು ತೂರಿಸಿ ಕೊಪ್ಪರಿಗೆಯನ್ನು ಒಲೆಯಿಂದ ಎತ್ತಿದರು. ಮರಿಯಯ್ಯನ ಹೆಂಡತಿ ಶಿವನಂಜಮ್ಮ ಆ ಕಡೆ ಬೆನ್ನು ಹಾಕಿ, ಬಗ್ಗಿ, ಬೆಲ್ಲದ ಅಚ್ಚು ತೊಳೆಯುತ್ತಿದ್ದಳು. ಕೊಪ್ಪರಿಗೆಯ ಒಂದು ಕಿವಿ ಕಿತ್ತು ಬಂತು. ಕುದಿಯುವ ಪಾಕ ಚಿಮ್ಮಿ ಅವಳ ಬಲಹೆಗಲಿನಿಂದ ಸೊಂಟದವರೆಗೆ ಇಳಿಯಿತು.

ಅವಳು ಕೂಗಿದ ಕೂಗಿಗೆ ಗಾಣದ ಎತ್ತುಗಳು ನಿಂತವು. ಮರಿಯಯ್ಯನಿಗೆ ಕೈಕಾಲು ಆಡಲಿಲ್ಲ. ಆಡಿದ್ದು ಅವನ ತಾಯಿ ಚಿಕ್ಕಬೋರಮ್ಮನಿಗೆ. ಎಪ್ಪತ್ತರ ಮುದುಕಿ ಓಡಿ ಬಂದವಳೇ ಬಾನಿಯಲ್ಲಿದ್ದ ತಣ್ಣೀರನ್ನು ಕೊಡದ ಮೇಲೆ ಕೊಡ ಎತ್ತಿ ಸೊಸೆಯ ಬೆನ್ನಿಗೆ ಹೊಯ್ದಳು. ಬಾನಿ ಬರಿದಾಗುವವರೆಗೂ ನಿಲ್ಲಿಸಲಿಲ್ಲ. ಅದರಿಂದಲೇ ಜೀವ ಉಳಿಯಿತು ಎಂದು ಮಳವಳ್ಳಿಯ ಡಾಕ್ಟರು ಆಮೇಲೆ ಹೇಳಿದರು.

ಆ ಡಾಕ್ಟರು ಕಸ್ತೂರಿರಂಗ ಅಯ್ಯಂಗಾರ್ಯರು. ತೆಳ್ಳಗೆ, ಬೆಳ್ಳಗೆ, ಹಣೆಯಲ್ಲಿ ನಾಮ. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಏಳು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಅವರು ಶಿವನಂಜಮ್ಮನನ್ನು ತಮ್ಮ ಮನೆಯ ಮಗಳಂತೆ ನೋಡಿಕೊಂಡರು. ಅವಳನ್ನು ಮಗುಚಿ ಮಲಗಿಸಿ, ಸುಣ್ಣದ ತಿಳಿನೀರು ಬೆರೆಸಿದ ಎಣ್ಣೆಯಲ್ಲಿ ಬಟ್ಟೆ ಅದ್ದಿ ಗಾಯಕ್ಕೆ ಹಾಕಿಸಿ, ಮೇಲೆ ಬಾಳೆಯ ಎಳೆ ಸುಳಿ ಎಲೆ ಹೊದಿಸಿದರು. ಎಲೆ ತರುವ ಕೆಲಸ ಮರಿಯಯ್ಯನದು. ಮಳವಳ್ಳಿಯ ಸುತ್ತ ಯಾರ ತೋಟದಲ್ಲಿ ಬಾಳೆ ಇದೆಯೋ ಅಲ್ಲೆಲ್ಲ ಅವನು ಕೈಯೊಡ್ಡಿದ. ಒಬ್ಬರೂ ಇಲ್ಲವೆನ್ನಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರು ಅವನನ್ನು ಜಗಲಿಗೆ ಕರೆದರು.

"ಗಾಯ ಮಾಗಿದೆ ಮರಿಯಯ್ಯ. ಆದರೆ ಈ ಹೊಸ ಚರ್ಮ ಈರುಳ್ಳಿ ಪದರ ಇದ್ದ ಹಾಗೆ. ಇನ್ನು ದಿನಾ ಅವಳು ಬೆನ್ನು ಊರಿ ನೆಟ್ಟಗೆ ಮಲಗಬೇಕು. ಹೀಗೆ ಮಗುಚಿಕೊಂಡೇ ಇದ್ದರೆ ಹೆಗಲಿನ ಚರ್ಮ ಸೇದಿಕೊಂಡು ಕೈ ಮೇಲಕ್ಕೇಳೋದಿಲ್ಲ."

"ಮಲಗುಸ್ತೀನಿ ಸ್ವಾಮಿ."

"ಏನು ಮಲಗಿಸ್ತೀಯ? ಚಾಪೆ ಕೂಡದು, ಕಂಬಳಿ ಕೂಡದು. ಮೆತ್ತನೆ ಬಟ್ಟೆ ನೋಡಿ ಹಾಸು."

"ಯಾವ ಬಟ್ಟೆ ಸ್ವಾಮಿ?"

ಡಾಕ್ಟರು "ಅದು ನಾನು ಓದಿದ್ದರಲ್ಲಿ ಇಲ್ಲ ಕಣಯ್ಯ" ಎಂದು ನಕ್ಕರು. ಏಳು ವಾರದಲ್ಲಿ ಅವರು ನಕ್ಕಿದ್ದನ್ನು ಮರಿಯಯ್ಯ ನೋಡಿದ್ದು ಅದೊಂದೇ ಸಲ.

ಅವನು ಮಳವಳ್ಳಿಯ ಪೇಟೆಯಲ್ಲೇ ಒಂದು ಗಿರಣಿ ಬಟ್ಟೆ ಕೊಂಡ. ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು. ಅಂಗೈಯಾಡಿಸಿದರೆ ಕೆನೆಯ ಮೇಲೆ ಆಡಿಸಿದಂತಿತ್ತು. ಮನೆಯಲ್ಲಿ ಚಿಕ್ಕಬೋರಮ್ಮ ಅದನ್ನು ನೋಡಿ ಮೂಗು ಮುರಿದಳು. "ನಾನು ಆರು ಮಕ್ಳ ಎತ್ತಿದ್ದು ಚಾಪೆ ಮ್ಯಾಲೆ ಕಣ್ಲಾ. ಈಗ ಬಿಳೀ ಆಸ್ಗೆ ಬೇಕಾಯ್ತಾ?" ಎಂದಳು. ಅಂದವಳು ಹಿತ್ತಿಲಿಗೆ ಹೋಗಿ, ಮೂಟೆ ಕಟ್ಟಿಟ್ಟಿದ್ದ ಬೂರುಗದ ಹತ್ತಿಯನ್ನು ತಂದು ಸುರಿದುಕೊಂಡು ಬೀಜ ಬಿಡಿಸಲು ಕೂತಳು. ಒಂದು ಬೀಜ ಉಳಿದರೂ ಬೆನ್ನಿಗೆ ಚುಚ್ಚುತ್ತದೆಂದು, ಬಿಡಿಸಿದ ಹತ್ತಿಯನ್ನೇ ಇನ್ನೊಮ್ಮೆ ಬೆರಳಲ್ಲಿ ಸೋಸಿದಳು. ಮೂರು ದಿನದಲ್ಲಿ ಹಾಸಿಗೆ ಸಿದ್ಧವಾಯಿತು.

ಹಾಸಿಗೆಯ ಮೇಲೆ ಆ ಬಿಳಿಯ ಬಟ್ಟೆ ಹಾಸಿ ಶಿವನಂಜಮ್ಮನನ್ನು ಮೆಲ್ಲಗೆ ಮಲಗಿಸಿದರು.

"ಯೆಂಗದೆ ಅಮ್ಮಿ?" ಎಂದು ಮರಿಯಯ್ಯ ಕೇಳಿದ.

"ಚೆನ್ನಾಗದೆ."

ಮರಿಯಯ್ಯ ಹಿಗ್ಗಿ ಹೊಲಕ್ಕೆ ಹೊರಟವನು, ಕುಡುಗೋಲು ಮರೆತು ಒಳಗೆ ಬಂದ. ಹೆಂಡತಿಯ ಕಣ್ಣು ಮುಚ್ಚಿತ್ತು. ಆದರೆ ಕಾಲ ಬೆರಳುಗಳು ಮಡಿಸಿಕೊಂಡಿದ್ದವು, ಎರಡು ಕೈಯೂ ಮುಷ್ಟಿ ಬಿಗಿದಿದ್ದವು. ಅವಳನ್ನು ಹಿಡಿದು ಎಬ್ಬಿಸಿ ನೋಡಿದರೆ ಬಟ್ಟೆಯ ಒಂದೊಂದು ಸುಕ್ಕೂ ಆ ಎಳೆ ಚರ್ಮದ ಮೇಲೆ ಕೆಂಪಗೆ ಬರೆ ಎಳೆದಿತ್ತು.

"ಸುಳ್ಳು ಯಾಕ್ ಯೇಳ್ದೆ?"

"ಅಷ್ಟು ದೂರದಿಂದ ತಂದಿದ್ರಿ. ಯೆಂಗೆ ಯೇಳ್ಲಿ?"

ಮರಿಯಯ್ಯ ಅವಳನ್ನು ನಡುಮನೆಗೆ ಕಳಿಸಿ, ತಾನು ಅಂಗಿ ಬಿಚ್ಚಿ ಅದೇ ಬಟ್ಟೆಯ ಮೇಲೆ ಬೆನ್ನು ಹಾಕಿ ಮಲಗಿದ. ಏನೂ ಗೊತ್ತಾಗಲಿಲ್ಲ. ಹೊರಳಿದ, ಉಜ್ಜಿದ. ಬಿಸಿಲು ತಿಂದು, ಮೂಟೆ ಹೊತ್ತು ದಪ್ಪಗಟ್ಟಿದ ಬೆನ್ನು ಅದು. ಅದಕ್ಕೆ ಗೋಣಿಯೂ ಒಂದೇ, ಪೀತಾಂಬರವೂ ಒಂದೇ. ಅಂಗೈ ನೋಡಿಕೊಂಡ. ನೇಗಿಲ ಮೇಣಿ ಹಿಡಿದು ಜಡ್ಡುಗಟ್ಟಿದ ಕೈ. ಈ ಕೈಯಿಂದಲ್ಲವೇ ನಾನು ಬಟ್ಟೆ ಮುಟ್ಟಿ ನೋಡಿ ಕೊಂಡದ್ದು ಅನ್ನಿಸಿ ನಾಚಿಕೆಯಾಯಿತು.

ಆಮೇಲಿನ ಎರಡು ದಿನ ಮರಿಯಯ್ಯ ತನ್ನ ಮೈಯಲ್ಲಿ ಮೆತ್ತಗಿನ ಜಾಗವೊಂದನ್ನು ಹುಡುಕಿದ. ಮೊಣಕೈ ಒಳಭಾಗಕ್ಕೆ ಬಟ್ಟೆ ತಾಗಿಸಿದ, ಕೆನ್ನೆಗೆ ತಾಗಿಸಿದ, ಕಿವಿಯ ಹಿಂದೆ ತಾಗಿಸಿದ. ಎಲ್ಲಿಯೂ ನಂಬಿಕೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮುಖ ತೊಳೆದು ಚೌಕದಲ್ಲಿ ಒರೆಸಿಕೊಳ್ಳುವಾಗ ಕಣ್ಣಿನ ರೆಪ್ಪೆ ಚುರ್ ಎಂದಿತು. ಅವನು ಹಾಗೇ ನಿಂತ. ಚೌಕವನ್ನು ಮತ್ತೆ ರೆಪ್ಪೆಗೆ ಒತ್ತಿದ. ಚುಚ್ಚಿತು. ಬಿಳಿಯ ಬಟ್ಟೆ ತಂದು ಒತ್ತಿದ. ಅದೂ ಚುಚ್ಚಿತು.

"ಅವ್ವ, ಮದ್ದೂರಿಗೆ ಓಗ್ಬತ್ತೀನಿ" ಎಂದು ಹೊರಟೇಬಿಟ್ಟ.

ಮದ್ದೂರಿನ ಬಟ್ಟೆ ಅಂಗಡಿಯಲ್ಲಿ ಅವನು ಒಂದೊಂದೇ ಥಾನು ಬಿಚ್ಚಿಸಿ, ಕಣ್ಣು ಮುಚ್ಚಿ, ತುದಿಯನ್ನು ರೆಪ್ಪೆಗೆ ಒತ್ತಿಕೊಳ್ಳತೊಡಗಿದ. ಐದಾರು ಥಾನು ನೋಡುವಷ್ಟರಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅಂಗಡಿಯ ಶೆಟ್ಟರು ಗಾಬರಿಯಾದರು.

"ಯಾಕಪ್ಪಾ ಗೌಡ, ಏನಾಯ್ತು? ಯಾರು ತೀರ್ಕೊಂಡ್ರು?"

"ಯಾರೂ ಸತ್ತಿಲ್ಲ ಕಣಯ್ಯ. ಬಟ್ಟೆ ನೋಡ್ತಾ ಇವ್ನಿ."

ವಿಷಯ ತಿಳಿದ ಮೇಲೆ ಶೆಟ್ಟರು ಥಾನುಗಳನ್ನೆಲ್ಲ ಸುತ್ತಿ ಒಳಗಿಟ್ಟರು. "ನನ್ನ ಹತ್ರ ಇರೋದು ನಿನಗೆ ಆಗಲ್ಲ. ಹಿಂದಿನ ಬೀದೀಲಿ ನೇಯೋ ಚೌಡಯ್ಯ ಅಂತ ಇದಾನೆ, ಅಲ್ಲಿಗೆ ಹೋಗು" ಎಂದರು. ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ಬರುತ್ತದೆಂದು ಮರಿಯಯ್ಯ ನೆನೆಸಿರಲಿಲ್ಲ.

ಚೌಡಯ್ಯ ಅರುವತ್ತರ ಸಣಕಲು ಮನುಷ್ಯ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಲಾಳಿಯನ್ನು ನಿಲ್ಲಿಸಿ, ಬಟ್ಟೆ ತೋರಿಸುವ ಮೊದಲೇ ಕೇಳಿದ: "ಯಾರಿಗೆ? ಯಾವ ಕಡೆ ಮಲಗ್ತಾರೆ? ಬೆವರ್ತಾರಾ?"

ಮರಿಯಯ್ಯ ಎಲ್ಲವನ್ನೂ ಹೇಳಿದ. ಆಲೆಮನೆ, ಬಾಳೆಯೆಲೆ, ಹೆಂಡತಿ ಹೇಳಿದ ಸುಳ್ಳು. ಯಾರ ಮುಂದೆಯೂ ಅವನು ಅಷ್ಟು ಹೊತ್ತು ಮಾತಾಡಿದವನಲ್ಲ. ಚೌಡಯ್ಯ ಕೇಳಿಸಿಕೊಂಡು, ಒಳಗಿನಿಂದ ಒಂದು ದುಪ್ಪಟಿ ತಂದು ಅವನ ಮಡಿಲಿಗೆ ಹಾಕಿದ.

"ಇದು ಸಡಿಲು ನೇಯ್ಗೆ. ಗಾಳಿ ಆಡ್ತದೆ. ಆದ್ರೆ ಇಲ್ನೋಡು ಗೌಡ" ಎಂದು ದುಪ್ಪಟಿಯ ನಡುವೆ ಬೆರಳು ಹಾಯಿಸಿದ. "ನಮ್ಮ ಮಗ್ಗ ಕಿರಿದು. ಎರಡು ಪಟ್ಟಿ ಸೇರಿಸಿ ಹೊಲೀತೀವಿ. ಹೊಲಿಗೆ ನಟ್ಟನಡುವೆ ಬತ್ತದೆ. ಆಯಮ್ಮನ ಬೆನ್ನು ಬರೋದೂ ಅಲ್ಲೇ."

"ಮತ್ತೇನ್ ಮಾಡೋದು?"

ಚೌಡಯ್ಯ ದುಪ್ಪಟಿಯನ್ನು ಹರಡಿ ಗೇಣಿನಲ್ಲಿ ಅಗಲ ಅಳೆದ. ಆಮೇಲೆ ಹೆಂಡತಿಯನ್ನು ಕರೆದ. ಆಕೆ ಬಂದು ದುಪ್ಪಟಿಯ ಹೊಲಿಗೆ ಬಿಚ್ಚಿದಳು. ಎರಡು ಪಟ್ಟಿಯಲ್ಲಿ ಒಂದನ್ನು ಹಾಗೇ ಇಟ್ಟುಕೊಂಡು, ಇನ್ನೊಂದನ್ನು ಉದ್ದಕ್ಕೆ ಸೀಳಿ, ಆ ಸೀಳುಗಳನ್ನು ಮೊದಲನೆಯ ಪಟ್ಟಿಯ ಅತ್ತ ಒಂದು ಇತ್ತ ಒಂದು ಕೂಡಿಸಿದಳು. ಈಗ ನಡುಭಾಗ ಒಂದೇ ಬಟ್ಟೆ. ಹೊಲಿಗೆ ಎರಡೂ ಪಕ್ಕಕ್ಕೆ ಸರಿದವು. ಗಂಟು ಬರದಂತೆ, ದಾರ ಚಪ್ಪಟೆ ಕೂರುವಂತೆ ಹೊಲಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಉಣ್ಣದೆ ಕೂತಿದ್ದವನಿಗೆ ಅವಳೇ ಮಜ್ಜಿಗೆ ಕೊಟ್ಟಳು.

"ಈಗ್ಲೇ ಹಾಸ್ಬೇಡ" ಎಂದ ಚೌಡಯ್ಯ. "ಗಂಜಿ ಇಲ್ದೆ ನೇಯಕ್ಕಾಗಲ್ಲ, ನೂಲು ಕಿತ್ತೋಯ್ತದೆ. ಆ ಗಂಜಿ ತೆಗೆಯೋದು ನಿನ್ನ ಕೆಲ್ಸ. ಒಂದ್ಸಲ ಬೂದಿ ನೀರಲ್ಲಿ ಕುದಿಸು, ಆಮೇಲೆ ಏಳು ಸಲ ಒಗಿ. ಕಲ್ಲಿಗೆ ಬಡೀಬೇಡ, ಕಾಲಲ್ಲಿ ತುಳಿ. ನೆರಳಲ್ಲಿ ಒಣಗಿಸು."

ಊರ ಅಗಸರಿಗೆ ಕೊಟ್ಟರೆ ಎಲ್ಲಿ ಮರೆತು ಕಲ್ಲಿಗೆ ಬಡಿಯುತ್ತಾರೋ ಎಂದು ಮರಿಯಯ್ಯ ತಾನೇ ಕೆರೆಗಿಳಿದ. ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ದುಪ್ಪಟಿ ತುಳಿಯುತ್ತಿದ್ದಾಗ, ಏರಿಯ ಮೇಲೆ ಹೋಗುತ್ತಿದ್ದ ಪಕ್ಕದ ಗದ್ದೆಯ ತಿಮ್ಮಯ್ಯ ಕೂಗಿದ:

"ಏನ್ಲಾ ಮರಿಯ, ಸೀರೆ ಒಗೆಯೋಕೆ ಸುರು ಮಾಡ್ಬುಟ್ಯಾ?"

"ಸೀರೆ ಅಲ್ಲ ಕಣ್ಲಾ, ಆಸ್ಗೆ ಬಟ್ಟೆ. ಅಲ್ಲಿಂದ ಅಲ್ಲು ಕಿರೀಬ್ಯಾಡ, ಬಾ, ಆ ತುದಿ ಇಡ್ಕೊ."

ತಿಮ್ಮಯ್ಯ ನಗುತ್ತಲೇ ಇಳಿದು ಬಂದ. ಯಾಕೆಂದು ಕೇಳಿದ ಮೇಲೆ ನಗು ನಿಂತಿತು. ಅಂದಿನಿಂದ ಏಳು ದಿನ, ಹೇಳಿಕಳಿಸದೆಯೇ ಆ ಹೊತ್ತಿಗೆ ಕೆರೆಗೆ ಬಂದು ಇನ್ನೊಂದು ತುದಿ ಹಿಡಿದ. ಪ್ರತಿ ಸಲ ಒಣಗಿದ ಮೇಲೆ ಮರಿಯಯ್ಯ ರೆಪ್ಪೆಗೆ ಒತ್ತಿ ನೋಡುವನು. ಮೂರನೆಯ ಸಲಕ್ಕೆ ಚುಚ್ಚುವುದು ಕಮ್ಮಿಯಾಯಿತು. ಐದಕ್ಕೆ ಬರೀ ತಾಗಿದ್ದು ಗೊತ್ತಾಗುತ್ತಿತ್ತು. ಏಳನೆಯ ಸಲ ಒಣಗಿದ ದುಪ್ಪಟಿಯನ್ನು ಕಣ್ಣಿಗೆ ಒತ್ತಿದರೆ, ಒತ್ತಿದೆನೋ ಇಲ್ಲವೋ ಎಂದು ಕಣ್ಣು ಬಿಟ್ಟು ನೋಡಬೇಕಾಯಿತು.

ಆ ಮಧ್ಯಾಹ್ನ ಶಿವನಂಜಮ್ಮ ಅದರ ಮೇಲೆ ಮಲಗಿದಳು. ಮರಿಯಯ್ಯ ಈ ಸಲ ಏನೂ ಕೇಳಲಿಲ್ಲ. ಅವಳ ಕಾಲಿನ ಬೆರಳುಗಳನ್ನೇ ನೋಡುತ್ತ ಬಾಗಿಲಲ್ಲಿ ನಿಂತ. ಮೊದಲು ಮಡಿಸಿಕೊಂಡವು. ಒಂದಷ್ಟು ಹೊತ್ತಿಗೆ ಬಿಚ್ಚಿಕೊಂಡವು. ಆಮೇಲೆ ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಕೇಳಿಸಿತು. ಚಿಕ್ಕಬೋರಮ್ಮ ಅಂಗಳಕ್ಕೆ ಹೋಗಿ ಹಟ್ಟಿಯ ಕರುವಿನ ಕೊರಳ ಗಂಟೆ ಬಿಚ್ಚಿಟ್ಟು ಬಂದಳು. ದೀಪ ಹಚ್ಚುವ ಹೊತ್ತಿನವರೆಗೂ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಮರಿಯಯ್ಯ ಜಗಲಿಯ ಮೇಲೆ ಕೂತು ಮುಖ ಒರೆಸಿಕೊಂಡ. ಬಾಳೆ ಕೊಟ್ಟವರು, ವ್ಯಾಪಾರ ಬಿಟ್ಟು ದಾರಿ ತೋರಿಸಿದ ಶೆಟ್ಟರು, ನೇಯ್ದದ್ದನ್ನು ಬಿಚ್ಚಿ ಹೊಲಿದ ಆ ತಾಯಿ, ಕೆರೆಗಿಳಿದ ತಿಮ್ಮಯ್ಯ ಒಬ್ಬೊಬ್ಬರಾಗಿ ಕಣ್ಣಮುಂದೆ ಬಂದರು. ಉಪಕಾರ ನೆನೆಯುವ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ಮಾರನೆಯ ದಿನ ಗಾಡಿಗೆ ರಾಗಿ, ಅವರೆಕಾಳು, ಕುಂಬಳಕಾಯಿ ಹೇರಿಕೊಂಡು ಮದ್ದೂರಿಗೆ ಹೋದ. ಚೌಡಯ್ಯನ ಬಾಗಿಲಲ್ಲಿ ನಿಂತು, "ಮಲಗುದ್ಲು" ಎಂದ. ಅಷ್ಟೇ. ಚೌಡಯ್ಯ ಲಾಳಿ ಕೆಳಗಿಟ್ಟು ಎರಡು ಕೈಯೂ ಮುಗಿದ; ಅವನ ಹೆಂಡತಿ ಒಳಗಿನಿಂದ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದಳು. ಅದರ ಮಾರನೆಯ ದಿನ ಮಳವಳ್ಳಿಯಲ್ಲಿ ಡಾಕ್ಟರಿಗೂ ಅದೇ ಒಂದು ಮಾತು. ಅವರು ತಲೆಯಾಡಿಸಿ, "ಯಾವ ಬಟ್ಟೆ, ಹೇಗೆ ಒಗೆದೆ, ಎಲ್ಲಾ ಹೇಳು" ಎಂದು ಕಾಗದ ತೆಗೆದುಕೊಂಡು ಬರೆದುಕೊಂಡರು.

ಆ ದೀಪಾವಳಿಗೆ ಶಿವನಂಜಮ್ಮ ಬಲಗೈ ಎತ್ತಿ ತನ್ನ ತುರುಬು ತಾನೇ ಕಟ್ಟಿಕೊಂಡಳು. ಅತ್ತೆ ಹಿಂದೆ ನಿಂತು, "ಓರೆ ಆಯ್ತು ಕಣಮ್ಮ, ಬುಡು, ನಾನು ಕಟ್ತೀನಿ" ಅಂದರೂ ಬಿಡಲಿಲ್ಲ.

ಮರಿಯಯ್ಯನಿಗೆ ಹೊಸದೊಂದು ಕೆಲಸ ಅಂಟಿಕೊಂಡಿತು. ಯಾರ ಮನೆಯಲ್ಲಾದರೂ ಬಾಣಂತಿ ಇದ್ದರೆ, ಬಹಳ ದಿನದಿಂದ ಮಲಗಿದಲ್ಲೇ ಇರುವ ಮುದುಕರಿದ್ದರೆ, "ಮರಿಯಣ್ಣನ್ನ ಕರೀರಿ, ಬಟ್ಟೆ ನೋಡ್ಲಿ" ಎನ್ನುವರು. ಅವನು ಹೋಗಿ, ಯಾವ ಕಡೆ ಮಲಗುತ್ತಾರೆ, ಬೆವರುತ್ತಾರಾ ಎಂದು ಕೇಳಿ, ಕಣ್ಣು ಮುಚ್ಚಿ ಬಟ್ಟೆ ಒತ್ತಿ ನೋಡಿ, ಆಗುತ್ತದೆ, ಆಗುವುದಿಲ್ಲ ಎಂದು ಹೇಳಿ ಬರುವನು. ಹೇಳುವ ಮಾತು ಮಾತ್ರ ಮೊದಲಿನಷ್ಟೇ ಒರಟು. ನಿದ್ದೆ ಬರಲಿಲ್ಲ ಎಂದವರಿಗೆ ಗೇಯ್ಮೆ ಸಾಲದೆಂದು ಹೇಳುವುದನ್ನು ಮಾತ್ರ ಬಿಟ್ಟಿದ್ದ.

ಅದಾಗಿ ಎರಡು ವರ್ಷಕ್ಕೆ, ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷ, ಆ ಗಲಾಟೆಯೆಲ್ಲ ತಣ್ಣಗಾದ ಮೇಲೆ, ಗಂಡ ಹೆಂಡಿರಿಬ್ಬರೂ ಬಸ್ಸು ಹತ್ತಿ ಮದ್ದೂರಿಗೆ ಹೋದರು. ಹಳೆಯ ದುಪ್ಪಟಿ ಸವೆದು ಬಲೆಯಾಗಿತ್ತು. ಚೌಡಯ್ಯ ಹತ್ತು ಹದಿನೈದು ಬಟ್ಟೆ ಹರಡಿದ. ಮರಿಯಯ್ಯ ತನ್ನ ಪದ್ಧತಿಯಂತೆ ಕಣ್ಣು ಮುಚ್ಚಿ ಒಂದೊಂದನ್ನೇ ನೋಡುತ್ತಿದ್ದಾಗ, ಶಿವನಂಜಮ್ಮ ಪಕ್ಕದ ರಾಶಿಯಿಂದ ಇನ್ನೊಂದನ್ನು ಎಳೆದುಕೊಂಡಳು. ದಪ್ಪ ನೂಲಿನದು, ಎರಡೂ ಬದಿಗೆ ಗೇಣಗಲ ಕೆಂಪಂಚು.

"ಇದ್ನೇ ತಗೊಳಾನ" ಎಂದಳು.

ಮರಿಯಯ್ಯ ಅದನ್ನು ರೆಪ್ಪೆಗೆ ಒತ್ತಿ ಮುಖ ಕಿವುಚಿದ. "ವಸಿ ಒರಟು ಕಣಮ್ಮಿ ಇದು."

"ಆದ್ರೇನು, ನಂಗೇನೂ ಆಗಕಿಲ್ಲ ಬುಡಿ ಈಗ. ಅಂಚು ನೋಡಿ, ಎಷ್ಟು ಚೆಂದಾಗದೆ."

ಅವನು ಅವಳ ಮುಖ ನೋಡಿದ. ಸುಳ್ಳು ಹೇಳುತ್ತಿರಲಿಲ್ಲ. ಬಟ್ಟೆಯನ್ನು ಮೈಗಲ್ಲದೆ ಕಣ್ಣಿಗೆ ಚೆಂದ ನೋಡಿ ಆರಿಸುವಷ್ಟು ಅವಳು ಚೇತರಿಸಿಕೊಂಡಿದ್ದಳು.

"ಅದ್ನೇ ಕಟ್ಟಯ್ಯ ಚೌಡಯ್ಯ" ಎಂದು ಹೇಳಿ, ಬೀದಿಯ ಕಡೆ ತಿರುಗಿ ನಿಂತುಕೊಂಡ.