ಕಲ್ಲಿನ ಬೆನ್ನ ಮೇಲಿನ ಕೆಂಪು ಗೆರೆ

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಎಲ್ಲರ ಬಾಯಲ್ಲೂ ‘ಪೆಟ್ಟಿಗೆ ಅಕ್ಕ’ ಆಗಿರುವವರು ಅಂಗಿಯ ತೋಳು ಮಡಚಿ, ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ ಕಲ್ಲು ತೊಳೆಯಲು ಕೂರುತ್ತಾರೆ. ಚಿನ್ನ ಹುಡುಕುವವರು ನೆಲದಾಳಕ್ಕೆ ಓರೆಯಾಗಿ ಡ್ರಿಲ್ ಇಳಿಸಿ ಎತ್ತಿ ತಂದ, ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕೋಲುಗಳಿವು. ಒದ್ದೆ ಕಲ್ಲಿಗೆ ಎಳೆಬಿಸಿಲು ಅಡ್ಡ ಬಿದ್ದರೆ ಪದರಗಳು ಎದ್ದು ಕಾಣುತ್ತವೆ. “ಎಂಟು ಗಂಟೆ ದಾಟಿದ್ರೆ ಎಲ್ಲಾ ಒಂದೇ ಬೂದಿ ಬಣ್ಣ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೂ ಅಷ್ಟೇ,” ಎನ್ನುತ್ತಾರೆ.

ಶೆಡ್ಡಿನಲ್ಲಿ ಇಂಥ ಕೋಲುಗಳ ನಾಲ್ಕು ಸಾವಿರದ ಇನ್ನೂರು ಪೆಟ್ಟಿಗೆಗಳಿವೆ. ಒಂದೊಂದೂ ಇಪ್ಪತ್ತು ಕಿಲೋ. ಇಳಿಸುವುದು, ತೊಳೆಯುವುದು, ಒಡೆದ ತುಂಡುಗಳನ್ನು ಬಾಯಿಗೆ ಬಾಯಿ ಕೂಡಿಸುವುದು, ಟ್ಯಾಬ್ಲೆಟ್ಟಿನಲ್ಲಿ ಫೋಟೊ ತೆಗೆಯುವುದು, ಮತ್ತೆ ಏರಿಸುವುದು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ; ಟ್ಯಾಬ್ಲೆಟ್ ಮಾತ್ರ ಹೊಸದು. ಇಷ್ಟಾಗಿಯೂ ಅವರು ಇಲ್ಲಿ ಚಿನ್ನವನ್ನು ಕಣ್ಣಾರೆ ಕಂಡಿಲ್ಲ. ಅದು ಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿರುತ್ತದೆ. “ಚಿನ್ನದ ಕೆಲಸ ಅಂದ ತಕ್ಷಣ ನಾದಿನಿ ನನ್ನ ಕಿವಿ, ಕತ್ತು ನೋಡ್ತಾಳೆ. ಬಾ, ಬ್ರಷ್ ಕೊಡ್ತೀನಿ ಅಂತೀನಿ!”

ಹೋದ ವರ್ಷ ಈ ಶೆಡ್ಡಿಗೇ ಸಂಚಕಾರ ಬಂದಿತ್ತು. ಆರು ಹಳೆಯ ಕೊಳವೆಗಳ, ಎಂದರೆ ಡ್ರಿಲ್ ಕೊರೆದ ರಂಧ್ರಗಳ, ಅಳತೆಯನ್ನು ನಂಬಿ ಕಂಪ್ಯೂಟರು ನೆಲದಡಿಯ ಚಿತ್ರ ಬಿಡಿಸಿತ್ತು. ಚಿನ್ನವಿರುವ ಬಿಳಿಕಲ್ಲಿನ ಪಟ್ಟಿ ಬೆಟ್ಟದ ಕಡೆಗೆ ವಾಲಿದೆ ಎಂದು ಅದು ತೋರಿಸಿತು. ಅಲ್ಲಿ ಎರಡು ಕಡೆ ಕೊರೆದರು. ಸಿಕ್ಕಿದ್ದು ಬರೀ ಕಲ್ಲು. ವರ್ಷದ ಕೊನೆಗೆ ಕೆಲಸ ನಿಲ್ಲಿಸಿ, ಪೆಟ್ಟಿಗೆಗಳನ್ನೆಲ್ಲ ಹಳ್ಳಕ್ಕೆ ಸುರಿಯಬೇಕೆಂದು ಮೇಲಿನವರ ಆದೇಶ ಬಂತು. ಸುರಿಯುವ ಮುನ್ನ ಎಲ್ಲದರ ಫೋಟೊ ತೆಗೆದಿಡುವುದಷ್ಟೇ ಪೆಟ್ಟಿಗೆ ಅಕ್ಕನಿಗೆ ಸಿಕ್ಕಿದ ಕೆಲಸ.

ಪ್ರತಿ ಕಲ್ಲಿನ ಕೋಲಿನ ಮೇಲೂ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಕಲ್ಲು ನೆಲದೊಳಗಿದ್ದಾಗ ಯಾವ ಮೈ ಕೆಳಗಿತ್ತು ಎಂಬುದಕ್ಕೆ ಅದೇ ಗುರುತು. ಗೆರೆ ಮೇಲಕ್ಕೆ ಬರುವಂತೆ ಜೋಡಿಸಿ ಫೋಟೊ ತೆಗೆಯುವಾಗ ಅವರ ಕೈ ತಡೆಯಿತು. ಅಕ್ಕಪಕ್ಕದ ಕೊಳವೆಗಳಲ್ಲಿ ಕಲ್ಲಿನ ಪದರ ಬಲಕ್ಕೆ ವಾಲಿದ್ದರೆ ಕಂಪ್ಯೂಟರು ನಂಬಿದ್ದ ಆ ಆರರಲ್ಲಿ ಮಾತ್ರ ಎಡಕ್ಕೆ. ಗೆರೆಯೇ ತಪ್ಪು ಮೈಗೆ ಬಿದ್ದಿರಬೇಕೆಂದು ಯುವ ಭೂವಿಜ್ಞಾನಿಗೆ ಹೇಳಿದರು. “ಒಂದೆರಡು ಪೆಟ್ಟಿಗೆ ನೋಡಿ ಹೇಳೋಕಾಗಲ್ಲ ಅಕ್ಕ, ಪೂರ್ತಿ ಬೇಕು,” ಎಂದಳು ಅವಳು.

ಪೂರ್ತಿ ಎಂದರೆ ಐನೂರ ಇಪ್ಪತ್ತೈದು ಪೆಟ್ಟಿಗೆ. ಬಿಸಿಲು ಸರಿಯಿರುವ ಎರಡು ತಾಸಿನಲ್ಲಿ ಮುಗಿಯುವುದು ಐದು. ನಾಲ್ಕು ತಿಂಗಳು ಅವರು ಪಟ್ಟು ಬಿಡಲಿಲ್ಲ. ಆದರೆ ಗೆರೆ ಎಳೆದವರು ಯಾರೆಂದು ಮೂರನೆಯ ವಾರಕ್ಕೇ ಗೊತ್ತಾಗಿತ್ತು. ಕಲ್ಲಿನ ಆಳ ಬರೆದು ಪೆಟ್ಟಿಗೆಯೊಳಗೆ ಇಡುವ ಮರದ ತುಂಡುಗಳ ಮೇಲಿನ ಅಂಕಿಗಳು ಅವರಿಗೆ ಚೆನ್ನಾಗಿ ಪರಿಚಯ. ಏಳಕ್ಕೆ ಅಡ್ಡಗೀಟು ಹಾಕುವ ಆ ಕೈ ಅವರ ಗಂಡನದು.

ಡ್ರಿಲ್ ಮೇಸ್ತ್ರಿಯಾಗಿ ನಿವೃತ್ತರಾದ ಗಂಡನಿಗೆ ಕಿವಿ ಮಂದ. ತಾವು ಕೊರೆದ ಕೊಳವೆಗಳೆಂದರೆ ಪಂಚಪ್ರಾಣ. ಹೇಳಿದರೆ ಅವರ ಹೆಸರಿಗೆ ಮಸಿ. ಹೇಳದಿದ್ದರೆ ಶೆಡ್ಡು ಹಳ್ಳಕ್ಕೆ. ಎರಡು ದಿನ ಅಕ್ಕನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಚಹಾ ಇಟ್ಟು ಜೋರಾಗಿಯೇ ಕೇಳಿದರು: “ರೀ, ಗೆರೆ ಯಾವ ಮೈಗೆ ಎಳೀತಿದ್ರಿ?”

“ಮೇಲ್ಮೈಗೆ. ಮೊದಲಿದ್ದ ಕಡೆ ಹಾಗೇ ಕಲಿಸಿದ್ರು.”

“ಇಲ್ಲಿ ಕೆಳಮೈಗೆ ಎಳೀಬೇಕಿತ್ತು.”

ಅವರು ಲೋಟ ಕೆಳಗಿಟ್ಟರು. “ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಾಳೆನೇ ಹೇಳ್ಬಿಡು. ನನ್ನದೇ ತಪ್ಪು ಅಂತ್ಲೇ ಹೇಳು.”

ಹೇಳಿದರು. ಹೇಳಿದ ಮೇಲೂ ಉಳಿದ ಪೆಟ್ಟಿಗೆಗಳನ್ನು ಒಂದೂ ಬಿಡದೆ ನೋಡಿದರು. ಎಲ್ಲೋ ಒಂದು ಕಡೆ ಗೆರೆ ಸರಿಯಾಗಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಕೊನೆಯ ಪೆಟ್ಟಿಗೆ ಮುಗಿದ ದಿನ ಭೂವಿಜ್ಞಾನಿ ಕಂಪ್ಯೂಟರಿನಲ್ಲಿ ಆರೂ ಕೊಳವೆಗಳ ಅಳತೆಯನ್ನು ಅರ್ಧ ಸುತ್ತು ತಿರುಗಿಸಿದಳು. ಪರದೆಯ ಮೇಲಿನ ಬಿಳಿ ಪಟ್ಟಿ ಬೆಟ್ಟ ಬಿಟ್ಟು ರಸ್ತೆಯ ಕಡೆಗೆ ವಾಲಿತು. “ನನ್ನ ನಾಲ್ಕು ತಿಂಗಳು, ಅದರ ಎರಡು ನಿಮಿಷ,” ಎಂದು ಅಕ್ಕ ನಗುತ್ತಾರೆ. ಮೇಲಿನವರು ಇನ್ನೊಂದೇ ಒಂದು ಕೊಳವೆಗೆ ಒಪ್ಪಿದರು.

ಇಂದು ತೊಳೆಯುತ್ತಿರುವುದು ಅದರದೇ ಕಲ್ಲು. ಇನ್ನೂರ ಹದಿನಾಲ್ಕನೆಯ ಮೀಟರಿನಲ್ಲಿ, ಚಿತ್ರ ಹೇಳಿದ ಜಾಗಕ್ಕೆ ಎರಡು ಮಾರು ಆಚೆ, ಬಿಳಿಕಲ್ಲು ಬಂದಿದೆ. ಚಿನ್ನ ಎಷ್ಟಿದೆಯೆಂದು ಪ್ರಯೋಗಾಲಯ ಹೇಳಬೇಕು. ಶೆಡ್ಡಂತೂ ಉಳಿದಿದೆ. ಗಂಡನೂ ಬಂದು ಬಾಗಿಲ ಬಳಿ ಸ್ಟೂಲಿನಲ್ಲಿ ಕುಳಿತಿದ್ದಾರೆ, ಒಳಗೆ ಕಾಲಿಡಲು ಸಂಕೋಚ.

ಅವರಿಗೆ ಕೇಳಿಸಲೆಂದೇ ಪೆಟ್ಟಿಗೆ ಅಕ್ಕ ದನಿ ಏರಿಸುತ್ತಾರೆ: “ಆ ಆರೂ ಕೊಳವೇದು ಎರಡು ಸಾವಿರದ ನೂರು ಮೀಟರ್ ನೋಡಿದೀನಿ. ಒಂದು ಕಡೆನೂ ಗೆರೆ ಆಚೀಚೆ ಆಗಿಲ್ಲ. ಅಷ್ಟು ನೆಟ್ಟಗೆ ತಪ್ಪಿದ್ದಕ್ಕೇ ತಿದ್ದೋಕಾಯ್ತು.”