ಸೊಪ್ಪು ಕಟ್ಟುವ ಕೈ, ಪ್ಯಾಕೆಟ್ಟಿನ ಊಟ

ಹೊಗೆಸೊಪ್ಪಿನ ಅಂಟು ಎಂಥದ್ದು ಅಂತ ಮುಟ್ಟದವರಿಗೆ ಹೇಳಿ ಪ್ರಯೋಜನವಿಲ್ಲ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಾ ಕೂತರೆ ಮಧ್ಯಾಹ್ನದ ಹೊತ್ತಿಗೆ ಅಂಗೈ ಕಪ್ಪಾಗುತ್ತದೆ, ಬೆರಳಿಗೆ ಬೆರಳು ಹತ್ತಿಕೊಳ್ಳುತ್ತದೆ. ಸೋಪು, ಸೀಗೆಪುಡಿ, ಬೂದಿ, ಯಾವುದಕ್ಕೂ ಪೂರ್ತಿ ಹೋಗುವುದಿಲ್ಲ. ಆ ಕೈಯಲ್ಲಿ ಮುದ್ದೆ ಕಟ್ಟಿದರೆ ಮುದ್ದೆ ಕಹಿ, ಅನ್ನ ಕಲಸಿದರೆ ಅನ್ನ ಕಹಿ. ನಾನು ಭೇರ್ಯದ ಕಡೆಯವಳು, ನಾಲೆ ನೀರಿನ ಭತ್ತ ಕಂಡು ಬೆಳೆದವಳು. ಪಿರಿಯಾಪಟ್ಟಣದ ಈ ಹಳ್ಳಿಗೆ ಮದುವೆಯಾಗಿ ಬಂದ ವರ್ಷ, ನಾನೇ ಮಾಡಿದ ಅಡುಗೆಯನ್ನು ಬಾಯಿಗಿಟ್ಟುಕೊಂಡು ಹಿತ್ತಿಲಿಗೆ ಓಡಿ ಉಗಿದಿದ್ದೆ. ಅತ್ತೆ ನಕ್ಕು, "ಒಗ್ತದೆ ಕಣವ್ವ, ನಾಲ್ಗೆಗೂ ಒಗ್ತದೆ" ಅಂದಿದ್ದರು. ದೊಡ್ಡವರ ನಾಲಿಗೆಗೆ ಒಗ್ಗಿತು. ಮಗಳು ಹುಟ್ಟಿದಳು, ಅವಳ ನಾಲಿಗೆಗೆ ಒಗ್ಗಲೇ ಇಲ್ಲ.

ಅದಕ್ಕೇ ಪ್ಯಾಕೆಟ್ಟು ಬಂದದ್ದು ನಮ್ಮ ಮನೆಗೆ. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ, ಎಲೆಯನ್ನು ಬಿಸಿಗೆ ಒಣಗಿಸುವ ಬ್ಯಾರನ್ನಿನ ಬೆಂಕಿ ಆರುವ ಹಾಗಿಲ್ಲ. ಒಂದು ಕಡೆ ಎಲೆ ಮುರಿಯಬೇಕು, ಇನ್ನೊಂದು ಕಡೆ ಕಟ್ಟಬೇಕು, ಮತ್ತೊಂದು ಕಡೆ ಸೌದೆ ಒಟ್ಟಬೇಕು. ಮೂಲೆಯಂಗಡಿಯಲ್ಲಿ ಹೂವಿನ ಸರದ ಹಾಗೆ ಪ್ಯಾಕೆಟ್ಟುಗಳು ತೂಗುತ್ತಿರುತ್ತವೆ. ಹಲ್ಲಲ್ಲಿ ಕಚ್ಚಿ ಹರಿದು, ತಲೆಯೆತ್ತಿ ಬಾಯಿಗೆ ಸುರಿದುಕೊಂಡರೆ ಆಯಿತು, ಕೈ ತಾಗುವುದೇ ಇಲ್ಲ. ನಮ್ಮ ಸುತ್ತಿನ ಮಕ್ಕಳೆಲ್ಲ ಹಾಗೇ ತಿನ್ನುತ್ತವೆ. ನನ್ನ ಮಗಳೂ ನನ್ನ ಪಕ್ಕ ಕೂತು ಸೊಪ್ಪು ಕಟ್ಟುತ್ತಾ ಹಾಗೇ ತಿಂದಳು. ಆ ರುಚಿ ಹತ್ತಿದ ಮೇಲೆ ಸೊಪ್ಪಿನ ಕಾಲ ಮುಗಿದರೂ ಅವಳಿಗೆ ಅದೇ ಬೇಕು.

ಅದರಲ್ಲಿ ಒಂದು ಬಿಸ್ಕತ್ತು. ಮೇಲೆ ರಾಗಿ ತೆನೆಯ ಚಿತ್ರ, ಕೆಳಗೆ "ಹೊಲದ ಶಕ್ತಿ" ಅಂತ ದಪ್ಪಕ್ಷರ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅನ್ನುವ ಸೀಮೆಯವರು ನಾವು. ತೆನೆ ಕಂಡ ಮೇಲೆ ಅನುಮಾನ ಪಡುತ್ತೇವೆಯೇ? ಚಿಪ್ಸು ಕೇಳಿದರೆ ಗದರಿ ನಾನು ಇದನ್ನೇ ಕೊಡಿಸುತ್ತಿದ್ದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಒಳ್ಳೆಯದನ್ನೇ ಕೊಡುತ್ತಿದ್ದೇನೆ ಅಂತ ನನಗೆ ಹೆಮ್ಮೆ ಬೇರೆ.

ಒಂಬತ್ತನೇ ಕ್ಲಾಸಿನಲ್ಲಿ ಅವಳು ಸ್ಕೂಲಿನ ಪ್ರಾರ್ಥನೆಯ ಹೊತ್ತಿಗೆ ಬಿದ್ದುಬಿಟ್ಟಳು. ಹುಣಸೂರಿನ ಡಾಕ್ಟರು ರಕ್ತ ನೋಡಿ, ಹೊಟ್ಟೆ ಸ್ಕ್ಯಾನ್ ಮಾಡಿಸಿ, ಸಕ್ಕರೆ ಕಾಯಿಲೆ ಅಂದರು, ಲಿವರಿಗೆ ಕೊಬ್ಬು ಹತ್ತಿದೆ ಅಂದರು. ಮಾತ್ರೆ ಸಾಲದು, ಸದ್ಯಕ್ಕೆ ದಿನಾ ಸೂಜಿ ಬೇಕು ಅಂದರು. ಮುದುಕರ ಕಾಯಿಲೆ ನನ್ನ ಕೂಸಿಗೆ! ಏನು ತಿನ್ನುತ್ತಾಳೆ ಅಂತ ಕೇಳಿದರು. ಮುಂದಿನ ಸಲ ನಾನು ಪ್ಯಾಕೆಟ್ಟನ್ನೇ ಒಯ್ದು ತೋರಿಸಿದೆ. ಅವರು ಹಿಂಬದಿಯ ಇರುವೆಸಾಲಿನಂಥ ಅಕ್ಷರ ಓದಿ ಹೇಳಿದರು: ಮೈದಾ, ಸಕ್ಕರೆ, ತಾಳೆ ಎಣ್ಣೆ, ಬಾಯಲ್ಲಿ ತಿರುಗದ ಹೆಸರಿನ ನಾಲ್ಕಾರು ಪುಡಿ. ರಾಗಿ ಕಟ್ಟಕಡೆಗೆ, ಚಿಟಿಕೆಯಷ್ಟು. ನನಗೆ ಮೈಯೆಲ್ಲ ಉರಿದುಹೋಯಿತು.

ಕಾಯಿಲೆಗಿಂತ ಅವಳನ್ನು ತಿಂದದ್ದು ಜನರ ಮಾತು. ಸ್ಕೂಲಿನಲ್ಲಿ ಅವಳನ್ನು ಡ್ರಮ್ಮು ಅನ್ನುತ್ತಿದ್ದರು. ಎಚ್.ಡಿ. ಕೋಟೆಯಿಂದ ನೋಡಲು ಬಂದ ನಾದಿನಿ ಅವಳ ಮುಂದೆಯೇ, "ಬಾಯಿಚಪಲ ಕಣತ್ಗೆ, ಇನ್ನೇನಿಲ್ಲ" ಅಂದಳು. ಆವತ್ತು ನಾದಿನಿಗೆ ಕಾಫಿಯನ್ನೂ ಕೊಡದೆ ಬಸ್ಸು ಹತ್ತಿಸಿದೆ. ಆದರೆ ಆಡಿದ ಮಾತು ಮನೆಯಲ್ಲೇ ಉಳಿಯಿತು. ಮಗಳು ಹಗಲೆಲ್ಲ ಕೇಳುತ್ತಿದ್ದಳು, "ನಾನೇ ತಿಂದೂ ತಿಂದೂ ತಂದ್ಕೊಂಡೆ ಅಲ್ವೇನವ್ವ?"

"ಇಲ್ಲ ಕಣವ್ವ, ನಿನ್ ತಪ್ಪಿಲ್ಲ."

"ನೀನು ಅವ್ವ, ನೀನು ಅಂಗೇ ಅಂತೀಯ. ಬೇರೆ ಯಾರಾದ್ರೂ ಅನ್ಲಿ ನೋಡವ."

"ಅನ್ನಿಸ್ತೀನಿ. ಕೋರ್ಟಲ್ಲೇ ಅನ್ನಿಸ್ತೀನಿ" ಅಂದೆ. ಬಾಯಿ ತಪ್ಪಿ ಬಂದ ಮಾತು. ಆದರೆ ಅವಳ ಮುಖ ಅರಳಿದ್ದನ್ನು ನೋಡಿ ಅದನ್ನೇ ಹಿಡಿದುಕೊಂಡೆ. ಗಂಡ, "ನಮ್ಗ್ಯಾಕಮ್ಮಿ ಕೋರ್ಟು ಕಚೇರಿ? ಸೊಪ್ಪು ಬೇಯೋ ಟೈಮು" ಅಂದರು. ಬೇಯಲಿ ಬಿಡಿ ಅಂದೆ.

ಹುಣಸೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲಾಯರು ಸಿಕ್ಕಿದರು. ಉತ್ಸಾಹದ ಮನುಷ್ಯ. "ಹೊರದೇಶದಲ್ಲಿ ಇಂಥ ಕೇಸು ಶುರುವಾಗಿದಾವೆ ಕಣಮ್ಮ. ಸಿಗರೇಟು ಕಂಪನಿಯವರ ಮೇಲೆ ಹಾಕಿದ್ರಲ್ಲ, ಅದೇ ದಾರಿ" ಅಂದರು. ಆಗ ನನಗೆ ಏನೂ ಹೊಳೆಯಲಿಲ್ಲ, ನೋಡಿ. ಡಾಕ್ಟರ ಚೀಟಿ ಇಟ್ಟು, ಮೈಸೂರಿನ ಗ್ರಾಹಕರ ಕೋರ್ಟಿಗೆ ಬಿಸ್ಕತ್ತು ಕಂಪನಿಯ ಮೇಲೆ ದೂರು ಹಾಕಿದೆವು. ಪರಿಹಾರ ಅಂತ ಅವರೇನೋ ಬರೆದರು. ನನಗೆ ಬೇಕಾಗಿದ್ದು ಒಂದೇ ಮಾತು, ಹುಡುಗಿಯ ತಪ್ಪಲ್ಲ ಅಂತ.

ವಾಯಿದೆ ಮೇಲೆ ವಾಯಿದೆ ಆಗಿ, ಕೊನೆಗೆ ವಿಚಾರಣೆ ಬಂದದ್ದು ಮತ್ತೆ ಸೊಪ್ಪಿನ ಕಾಲಕ್ಕೇ. ತಾನೇ ಕೇಳಿಸಿಕೊಳ್ಳಬೇಕು ಅಂತ ಮಗಳೂ ಹೊರಟಳು. ಹತ್ತುವಾಗಲೇ ಬಸ್ಸು ತುಂಬಿಹೋಗಿತ್ತು, ಬಿಳಿಕೆರೆ ದಾಟಿದರೂ ಸೀಟು ಸಿಗದೆ ನೂಕುನುಗ್ಗಲಲ್ಲಿ ನಿಂತೇ ಮೈಸೂರು ಸೇರಿದೆವು. ಲಾಯರು ಬಾಗಿಲಲ್ಲೇ ನನಗೆ ಬುದ್ಧಿ ಹೇಳಿದ್ದರು: ಕೇಳಿದ್ದಕ್ಕೆ ಹೌದು, ಇಲ್ಲ ಅನ್ನಿ ಸಾಕು, ಹೊಗೆಸೊಪ್ಪಿನ ಸುದ್ದಿ ಎತ್ತಬೇಡಿ.

ಕಂಪನಿಯ ವಕೀಲರು ಬೆಂಗಳೂರಿನವರು, ಬಹಳ ಮರ್ಯಾದೆಯ ಮನುಷ್ಯ. ನ್ಯಾಯಾಧೀಶರ ಅಪ್ಪಣೆ ಪಡೆದು, "ತಾಯಿ, ಪ್ಯಾಕೆಟ್ಟಿನ ಹಿಂದೆ ಎಲ್ಲವನ್ನೂ ಬರೆದಿದೆ. ಓದಲಿಲ್ಲವೇ?" ಅಂದರು.

"ಮುಂದೆ ದಪ್ಪಗೆ ಬರ್ದಿದ್ದು ಓದಿದೆ ಸ್ವಾಮಿ. ಹಿಂದೆ ಬರ್ದಿದ್ದು ಓದೋಕೆ ನಿಮ್ ಕಂಪನಿಯೋರು ಭೂತಗನ್ನಡಿನೂ ಜೊತೇಲೇ ಕೊಡ್ಬೇಕಿತ್ತು."

ಜನ ನಕ್ಕರು. ಮಗಳೂ ನಕ್ಕಳು. ನಾನು ಉಬ್ಬಿಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಷ್ಟು ಸಲ ಬೇರೆಯವರಿಗೆ ಹೇಳಿದ್ದೆನೋ.

"ಮನೆಯಲ್ಲಿ ಅಡುಗೆ ಮಾಡುತ್ತಿರಲಿಲ್ಲವೇ?" ಅಂತ ಅವರು ಕೇಳಿದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. ಇಡೀ ಜನ್ಮ ಒಲೆ ಮುಂದೆ ಬೆಂದವಳನ್ನು ಕೇಳುವ ಪ್ರಶ್ನೆಯೇ? ಲಾಯರ ಬುದ್ಧಿಮಾತು ಗಾಳಿಗೆ ಹೋಯಿತು. ಎರಡು ಕೈಯನ್ನೂ ಎತ್ತಿ ತೋರಿಸಿದೆ. ಅಂಟು ಹತ್ತಿ ಕಪ್ಪಾಗಿದ್ದವು. "ಈ ಕೈಲಿ ಮುದ್ದೆ ಕಟ್ಟಿದ್ರೆ ವಿಷದಂಗೆ ಕಹಿ ಸ್ವಾಮಿ. ನನ್ ಮಗಳ ಕೈಯೂ ಹಿಂಗೇ ಆಗಿರೋದು. ಮಕ್ಳು ಏನ್ ತಿನ್ಬೇಕು ಹೇಳಿ?" ಅಂದೆ. ನಿಜವನ್ನೇ ಹೇಳಿದೆ, ಒಂದಕ್ಷರ ಸುಳ್ಳಿಲ್ಲ.

"ಮಗಳೂ ಸೊಪ್ಪು ಕಟ್ಟುತ್ತಿದ್ದಳೇ?"

"ನಮ್ ಕಡೆ ಎಲ್ಲಾ ಮಕ್ಳೂ ಕಟ್ತವೆ."

ನಮ್ಮ ಲಾಯರು ಹಣೆಗೆ ಕೈ ಹಚ್ಚಿಕೊಂಡದ್ದು ಕಂಡಿತು. ಕಂಪನಿಯ ವಕೀಲರು ದನಿ ಏರಿಸದೆ ನ್ಯಾಯಾಧೀಶರ ಕಡೆ ತಿರುಗಿದರು. ಹಸಿ ಹೊಗೆಸೊಪ್ಪಿನ ರಸ ಚರ್ಮದ ಮೂಲಕ ಮೈಗೆ ಇಳಿಯುತ್ತದೆ, ವಿಷದಂತೆ ಎಂದು ತಾಯಿಯೇ ಹೇಳುತ್ತಿದ್ದಾರೆ, ಮಗು ಅದನ್ನು ವರ್ಷಗಟ್ಟಲೆ ಮುಟ್ಟಿದೆ, ಕಾಯಿಲೆ ನಮ್ಮ ಬಿಸ್ಕತ್ತಿನಿಂದಲೇ ಬಂತು ಎನ್ನುವುದು ಹೇಗೆ? ಆಮೇಲೆ ನನ್ನ ಕಡೆ ನೋಡಿ ಮೆಲ್ಲಗೆ, "ಸಿಗರೇಟು ಸೇದಿ ಕಾಯಿಲೆ ಬಿದ್ದವರು ನಿಮ್ಮ ಮೇಲೆ ಕೇಸು ಹಾಕಿದರೆ ಏನು ಹೇಳುತ್ತೀರಿ ತಾಯಿ?" ಅಂದರು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಸೇದಿ ಅಂತ ಅವರಿಗೆ ನಾವೇನು ಹೇಳಿದ್ದೆವೇ? ಅಷ್ಟರಲ್ಲಿ ಅದು ಬಿಸ್ಕತ್ತು ಕಂಪನಿಯದೇ ವಾದ ಅಂತ ಹೊಳೆಯಿತು. ನುಂಗಿಕೊಂಡೆ. ಕೈಗಳನ್ನು ಸೆರಗಿನಡಿಗೆ ಎಳೆದುಕೊಂಡೆ.

ತೀರ್ಪನ್ನು ಲಾಯರು ಫೋನಿನಲ್ಲಿ ಓದಿ ಹೇಳಿದರು. ಮಗಳು ಸ್ಪೀಕರಿಗೆ ಹಾಕು ಅಂದಳು, ಹಾಕಿದೆ. ಬಿಸ್ಕತ್ತೇ ಕಾರಣವೆಂದು ಸಾಬೀತಾಗಿಲ್ಲ. ತಾಯಿಯ ಹೇಳಿಕೆಯಂತೆಯೇ ಹುಡುಗಿಯಿಂದ ಚಿಕ್ಕಂದಿನಿಂದ ಹೊಗೆಸೊಪ್ಪಿನ ಕೆಲಸ ಮಾಡಿಸಲಾಗಿದೆ, ಮನೆಯ ಊಟ ಒದಗಿಸಿಲ್ಲ. ಏನು ತಿನ್ನಬೇಕೆಂದು ತೀರ್ಮಾನಿಸುವ ವಯಸ್ಸು ಅವಳದಾಗಿರಲಿಲ್ಲ, ಆ ಹೊಣೆ ಪೋಷಕರದು. ದೂರು ವಜಾ. ಮೇಲಿನ ಕೋರ್ಟಿಗೆ ಹೋಗಬಹುದು ಅಂತ ಲಾಯರು ಅಂದರು, ಆದರೆ ಅವರ ದನಿಯಲ್ಲೇ ಜೀವವಿರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತ ಕಂಪನಿಯ ವಂಶಕ್ಕೆಲ್ಲ ಶಾಪ ಹಾಕಿದೆ. ಅತ್ತುಬಿಟ್ಟೆ. ಏನು ಮಾಡಿದರೂ ಅಳು ನಿಲ್ಲಲಿಲ್ಲ.

ಮಗಳು ಅಳಲಿಲ್ಲ.

"ಅಂದ್ರೆ ನನ್ ತಪ್ಪಲ್ಲ ಅಂತ ಆಯ್ತು, ಅಲ್ವೇನವ್ವ?" ಅಂದಳು.

ಅದರಲ್ಲಿ ಕುಹಕವಿರಲಿಲ್ಲ. ಅಷ್ಟು ಹಗುರವಾದ ಅವಳ ಮುಖವನ್ನು ನಾನು ನೋಡಿ ಬಹಳ ಕಾಲವಾಗಿತ್ತು.

"ಹೂಂ ಕಣವ್ವ. ನಿಂದಲ್ಲ ಅಂತ ಆಯ್ತು" ಅಂದೆ.

ಅಲ್ಲಿಯವರೆಗೆ ನಾನು ಚುಚ್ಚುತ್ತಿದ್ದ ಸೂಜಿಯನ್ನು ಮಾರನೇ ಬೆಳಿಗ್ಗೆಯಿಂದ ಅವಳು ತಾನೇ ಚುಚ್ಚಿಕೊಳ್ಳುತ್ತಾಳೆ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ಅವಳು ಕರೆಯುವುದಿಲ್ಲ.